ಇಳಿದ ಗಾಂಧಾರ

ಎರಡು ವರ್ಷಗಳಿಗೊಮ್ಮೆ, ಸಮ್ಮೇಳನಕ್ಕೆ ಇನ್ನೂ ನಾಲ್ಕು ತಿಂಗಳಿರುವಾಗ, ಸ್ಮರಣ ಸಂಚಿಕೆಯ ಸಂಪಾದಕರಿಂದ ನನಗೊಂದು ಕರೆ ಬರುತ್ತದೆ. "ಅಮ್ಮಾ, ನಿಮ್ಮ ಪುಟ ಖಾಲಿ ಬಿಟ್ಟಿದ್ದೇವೆ" ಎಂದು ಅವರು ವಿನಯದಿಂದಲೇ ಎಚ್ಚರಿಸುತ್ತಾರೆ. ಈ ಅಂಕಣದಲ್ಲಿ ನಾನು ಇದುವರೆಗೆ ಉಪ್ಪಿನಕಾಯಿಯ ಭರಣಿ, ಮಕ್ಕಳ ಒತ್ತಕ್ಷರ, ಹಿಮ ಬಿದ್ದ ಅಂಗಳದಲ್ಲಿ ಇಟ್ಟ ರಂಗೋಲಿ ಮುಂತಾದ ಒಳಮನೆಯ ಸಂಗತಿಗಳನ್ನೇ ಬರೆದುಕೊಂಡು ಬಂದಿದ್ದೇನೆ. ಈ ಸಲ ಬರೆಯಹೊರಟಿರುವುದು ಒಂದು ಕೆಪಾಸಿಟರ್ ಕುರಿತು. ನನ್ನನ್ನು ಬಲ್ಲ ಗೆಳತಿಯರು ಈಗಾಗಲೇ ನಗುತ್ತಿರಬಹುದು. ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಕನ್ನಡ ಮತ್ತು ಇತಿಹಾಸ ಓದಿ ಬಿ.ಎ. ಮಾಡಿದವಳು ನಾನು. ಮನೆಯ ದೀಪದ ಬುರುಡೆ ಬದಲಿಸುವುದನ್ನು ಬಿಟ್ಟರೆ ವಿದ್ಯುತ್ತಿನೊಡನೆ ನನಗೆ ಬೇರೆ ಬಳಕೆಯಿರಲಿಲ್ಲ.

ನಮ್ಮ ಮನೆಯಲ್ಲೊಂದು ಶ್ರುತಿಪೆಟ್ಟಿಗೆಯಿದೆ. ಮದುವೆಯಾಗಿ ನಾನು ಮಿಷಿಗನ್ನಿಗೆ ಬಂದದ್ದು ೧೯೯೧ರಲ್ಲಿ. ವಿಮಾನದ ತೂಕದ ಮಿತಿಯಿಂದಾಗಿ ತಂಬೂರಿ ಊರಿನಲ್ಲೇ ಉಳಿಯಿತು. ಶ್ರುತಿಯಿಲ್ಲದೆ ಹಾಡಲಾರದೆ ನಾನು ಸಪ್ಪಗಿರುವುದನ್ನು ಕಂಡ ನಮ್ಮವರು, ೧೯೯೪ರ ಚಳಿಗಾಲದಲ್ಲಿ ನೆಲಮಾಳಿಗೆಯಲ್ಲಿ ಕುಳಿತು ಆ ಪೆಟ್ಟಿಗೆಯನ್ನು ಮಾಡಿಕೊಟ್ಟರು. ವಿದ್ಯಾರ್ಥಿ ದೆಸೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನು ಸುತ್ತಿ ಬಿಡಿಭಾಗ ಆಯುವ ಹುಚ್ಚು ಅವರಿಗಿತ್ತು. ಇಲ್ಲಿ ಆ ಹುಚ್ಚಿಗೆ ರೇಡಿಯೋ ಷಾಕ್ ಅಂಗಡಿ ಒದಗಿತು. ಸಾಲುಸಾಲು ತೂತುಗಳಿರುವ ಒಂದು ಹಲಗೆಯ ಮೇಲೆ ಷಡ್ಜಕ್ಕೊಂದು, ಪಂಚಮಕ್ಕೊಂದು ಎಂದು ಎರಡು ೫೫೫ ಚಿಪ್ಪುಗಳನ್ನು ಕೂರಿಸಿದರು. ಹ್ಯಾನ್ಸ್ ಕಾಮೆನ್‌ಜಿಂಡ್ ಎಂಬ ಸ್ವಿಸ್ ಮೂಲದ ಎಂಜಿನಿಯರ್ ರೂಪಿಸಿ, ೧೯೭೨ರಲ್ಲಿ ಮಾರುಕಟ್ಟೆಗೆ ಬಂದ ಚಿಪ್ಪು ಅದು. ನಿಯತ ಕಾಲಕ್ಕೊಮ್ಮೆ ಮಿಡಿಯುವುದು ಅದರ ಕೆಲಸ. ಸೆಕೆಂಡಿಗೆ ನೂರಾರು ಸಲ ಮಿಡಿಸಿದರೆ ಸ್ವರವಾಗುತ್ತದೆ. ಹೊರಗೆ ತೇಗದ ಬಣ್ಣ ಬಳಿದ ಪೆಟ್ಟಿಗೆ, ಮುಂದೆ ಎರಡು ಗುಂಡಿಗಳು. ಮೂವತ್ತು ವರ್ಷಗಳಿಂದ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಅದು ನನ್ನೊಡನೆ ಹಾಡಿದೆ. ನಮ್ಮ ಕನ್ನಡ ಕೂಟದ ಎಷ್ಟೋ ಮಕ್ಕಳು ಭಾನುವಾರದ ತರಗತಿಯಲ್ಲಿ ಅದರ ಮುಂದೆ ಕುಳಿತೇ ಸರಳೆ ಕಲಿತಿದ್ದಾರೆ.

ಕಳೆದ ನವರಾತ್ರಿಯ ಸುಮಾರಿಗೆ ಮಕ್ಕಳ ಗಾಂಧಾರ ಇಳಿಯತೊಡಗಿತು. ಮಾಯಾಮಾಳವಗೌಳದ ಸರಳೆಯಲ್ಲಿ ಸರಿಗಮ ಎನ್ನುವಾಗ ಸ, ರಿ ಸರಿಯಾಗಿಯೇ ಬರುತ್ತಿದ್ದವು. ಗಾಂಧಾರ ಮಾತ್ರ ಕೂದಲೆಳೆಯಷ್ಟು ಕೆಳಗೆ ಕೂರುತ್ತಿತ್ತು. ನಾನು ಮೊದಲು ತಿದ್ದಿದೆ, ಆಮೇಲೆ ಗದರಿದೆ. "ಮನೆಯಲ್ಲಿ ಅಭ್ಯಾಸ ಮಾಡುವುದಿಲ್ಲ, ಇಲ್ಲಿ ಬಂದು ಕಿಟಕಿ ನೋಡುತ್ತೀರಿ" ಎಂದು ಎಲ್ಲರನ್ನೂ ಒಟ್ಟಿಗೆ ಬೈದದ್ದೂ ಉಂಟು. ಆಗ ಎಂಟು ವರ್ಷದ ಒಬ್ಬ ಹುಡುಗಿ ಹೆದರುತ್ತಲೇ ಹೇಳಿದಳು: "ಆಂಟಿ, ಆ ಪೆಟ್ಟಿಗೆ ಒಳಗೆ ಇನ್ನೊಬ್ಬರು ಯಾರೋ ಹಾಡ್ತಿದಾರೆ."

ಮಕ್ಕಳು ಹೋದ ಮೇಲೆ ಪೆಟ್ಟಿಗೆಗೆ ಕಿವಿಯೊಡ್ಡಿ ಕುಳಿತೆ. ನಿಜ. ಷಡ್ಜ ಪಂಚಮಗಳ ಅಡಿಯಲ್ಲಿ ಗುಂಯ್ ಎಂಬ ಮೂರನೆಯ ಸದ್ದೊಂದು ಸೇರಿಕೊಂಡಿತ್ತು. ಅದು ದಿನದಿನಕ್ಕೆ ತುಸುತುಸುವೇ ಬೆಳೆದಿರಬೇಕು. ಅದಕ್ಕೇ ನನ್ನ ಕಿವಿ ಅದನ್ನು ಗಮನಿಸದೆ ಒಗ್ಗಿಹೋಗಿತ್ತು. ಷಡ್ಜದ ಗುಂಡಿಯನ್ನು ತಿರುಗಿಸಿದೆ, ಷಡ್ಜ ಏರಿತು. ಪಂಚಮದ ಗುಂಡಿ ತಿರುಗಿಸಿದೆ, ಪಂಚಮ ಏರಿತು. ಆ ಮೂರನೆಯ ಸದ್ದು ಮಾತ್ರ ತನ್ನ ಜಾಗ ಬಿಟ್ಟು ಕದಲಲಿಲ್ಲ. ನನ್ನದು ಐದು ಮನೆ ಶ್ರುತಿ. ಆ ಶ್ರುತಿಗೆ ಅದನ್ನು ತೂಗಿ ನೋಡಿದರೆ, ಮಂದ್ರದ ಅಂತರ ಗಾಂಧಾರಕ್ಕೆ ತುಸು ಕೆಳಗೆ ಅದು ಕುಳಿತಿತ್ತು. ಪಾಪ, ಮಕ್ಕಳು ಕೇಳಿದ್ದನ್ನೇ ಹಾಡುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದವಳು ನಾನು.

ಪೆಟ್ಟಿಗೆಯನ್ನು ನಮ್ಮವರ ಮುಂದೆ ಇಟ್ಟು "ರೀ, ಇದನ್ನ ಒಂದ್ಸಲ ನೋಡ್ತೀರಾ?" ಎಂದೆ.

"ಬಿಸಾಕು ಅದನ್ನ. ಫೋನಿನಲ್ಲೇ ತಂಬೂರಿ ಬರುತ್ತಲ್ಲ, ಹಾಕ್ಕೋ" ಎಂದು ಅವರು ಮುಖ ತಿರುಗಿಸಿದರು.

ಓದುಗರಿಗೆ ಇಲ್ಲೊಂದು ಮಾತು ಹೇಳಬೇಕು. ನಮ್ಮವರಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿ ಮೂರು ವರ್ಷಗಳಾದವು. ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಕ್ರಮೇಣ ನಶಿಸುವುದರಿಂದ ಬರುವ ಕಾಯಿಲೆ ಇದು. ಬುದ್ಧಿ ಚುರುಕಾಗಿಯೇ ಇದೆ. ಬಲಗೈ ನಡುಗುತ್ತದೆ, ನಡಿಗೆ ನಿಧಾನವಾಗಿದೆ, ಅಕ್ಷರ ಸಣ್ಣದಾಗಿದೆ. ಈ ಊರಿನ ಅರ್ಧ ಕನ್ನಡಿಗರ ಟೇಪ್ ರೆಕಾರ್ಡರುಗಳನ್ನು ರಿಪೇರಿ ಮಾಡಿಕೊಟ್ಟ ಕೈ ಅದು. ಕಾಯಿಲೆ ತಿಳಿದಂದಿನಿಂದ ಅವರು ನೆಲಮಾಳಿಗೆಗೆ ಇಳಿದಿರಲಿಲ್ಲ. ಪೆಟ್ಟಿಗೆಯನ್ನು ಬಿಸಾಡು ಎಂದ ಮಾತು ಪೆಟ್ಟಿಗೆಯ ಮೇಲಿನದಲ್ಲವೆಂದು ನನಗೆ ತಿಳಿಯಿತು. ಆದರೆ ತಿಳಿದು ಏನು ಮಾಡುವುದೆಂದು ತಿಳಿಯಲಿಲ್ಲ.

ಕೆಲವು ವಾರ ಫೋನಿನ ತಂಬೂರಿಯನ್ನೇ ಹಾಕಿಕೊಂಡೆ. ನಾದ ಚೆನ್ನಾಗಿಯೇ ಇತ್ತು. ನಡುವೆ ಕರೆ ಬಂದರೆ ಶ್ರುತಿ ಕಡಿಯುತ್ತಿತ್ತು, ಅಷ್ಟೇ. ಆದರೆ ಶ್ರುತಿಪೆಟ್ಟಿಗೆ ದೇವರ ಕೋಣೆಯ ಮೂಲೆಯಲ್ಲಿ ಮೂಕವಾಗಿ ಕುಳಿತಿರುವುದನ್ನು ದಿನವೂ ನೋಡಲಾಗಲಿಲ್ಲ. ಸಂಕ್ರಾಂತಿಯ ಮರುದಿನ, ಹೊರಗೆ ಮೊಣಕಾಲೆತ್ತರ ಹಿಮ ಬಿದ್ದಿರುವಾಗ, ಒಬ್ಬಳೇ ನೆಲಮಾಳಿಗೆಗೆ ಇಳಿದೆ. ಅಲ್ಲಿ ಮಲ್ಟಿಮೀಟರ್, ಸಾಲ್ಡರಿಂಗ್ ಐರನ್, ಸಣ್ಣ ಸಣ್ಣ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಬಿಡಿಭಾಗಗಳು ನನ್ನ ಸಾಂಬಾರ ಬಟ್ಟಲಿಗಿಂತ ಓರಣವಾಗಿದ್ದವು. ಜೊತೆಗೆ ಎರಡು ಪುಸ್ತಕಗಳು ಸಿಕ್ಕವು. ಒಂದು ಫಾರೆಸ್ಟ್ ಮಿಮ್ಸ್ ಬರೆದ 'ಗೆಟಿಂಗ್ ಸ್ಟಾರ್ಟೆಡ್ ಇನ್ ಎಲೆಕ್ಟ್ರಾನಿಕ್ಸ್'. ೧೯೮೩ರಲ್ಲಿ ಪ್ರಕಟವಾದ ಈ ಪುಸ್ತಕದ ಅಕ್ಷರ, ಚಿತ್ರಗಳನ್ನೆಲ್ಲ ಕೈಯಲ್ಲೇ ಬರೆದು ಅಚ್ಚು ಹಾಕಿಸಿದ್ದಾರೆ. ಆದ್ದರಿಂದ ನನ್ನಂಥವಳಿಗೂ ಭಯವಾಗಲಿಲ್ಲ. ಇನ್ನೊಂದು ನಮ್ಮವರ ಟಿಪ್ಪಣಿ ಪುಸ್ತಕ. ಅದರಲ್ಲಿ ಶ್ರುತಿಪೆಟ್ಟಿಗೆಯ ನಕ್ಷೆಯಿತ್ತು. ನಕ್ಷೆಯ ಒಂದೊಂದು ಘಟ್ಟಕ್ಕೂ ಅ, ಆ, ಇ, ಈ ಎಂದು ಹೆಸರಿಟ್ಟು, ಎಲ್ಲಿ ಎಷ್ಟು ವೋಲ್ಟ್ ಇರಬೇಕೆಂದು ದುಂಡಗಿನ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. 'ಅ' ೧೫.೨. 'ಆ' ೯.೦.

ಆ ನಕ್ಷೆ ನನಗೆ ಅರ್ಥವಾದ ಬಗೆಯನ್ನು ಹೇಳುತ್ತೇನೆ. ನಮ್ಮ ಮೈಸೂರಿನ ಮನೆಯಲ್ಲಿ ನಲ್ಲಿಯ ನೀರು ಒಮ್ಮೆ ರಭಸವಾಗಿ ಬಂದು ಒಮ್ಮೆ ನಿಲ್ಲುತ್ತಿತ್ತು. ಆದರೆ ನೀರು ಮೊದಲು ತೊಟ್ಟಿಗೆ ಬಿದ್ದು, ತೊಟ್ಟಿಯಿಂದ ಬಚ್ಚಲಿಗೆ ಹರಿಯುತ್ತಿದ್ದುದರಿಂದ ಬಚ್ಚಲಲ್ಲಿ ಧಾರೆ ಒಂದೇ ಸಮನಾಗಿರುತ್ತಿತ್ತು. ವಿದ್ಯುತ್ತೂ ಹಾಗೆಯೇ. ಅಮೆರಿಕದ ಗೋಡೆಯ ವಿದ್ಯುತ್ತು ಸೆಕೆಂಡಿಗೆ ೬೦ ಸಲ ಹಿಂದುಮುಂದಾಗಿ ಹರಿಯುತ್ತದೆ. ಗೋಡೆಗೆ ಚುಚ್ಚುವ ಅಡಾಪ್ಟರ್ ಅದನ್ನು ೧೨ ವೋಲ್ಟಿಗೆ ಇಳಿಸುತ್ತದೆ. ಪೆಟ್ಟಿಗೆಯೊಳಗಿನ ನಾಲ್ಕು ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ ೧೨೦ ಚಿಮ್ಮುಗಳಾಗುತ್ತವೆ. ಆ ಚಿಮ್ಮುಗಳನ್ನು ತುಂಬಿಕೊಂಡು ಸಮನಾಗಿ ಕೊಡುವ ತೊಟ್ಟಿಯೇ ಕೆಪಾಸಿಟರ್. ನಮ್ಮದರ ಅಳತೆ ೧೦೦೦ ಮೈಕ್ರೋಫ್ಯಾರಡ್. ಅಲ್ಲಿಂದ ಮುಂದೆ ೭೮೦೯ ಎಂಬ ಮೂರು ಕಾಲಿನ ರೆಗ್ಯುಲೇಟರ್ ಅದನ್ನು ೯ ವೋಲ್ಟಿಗೆ ಕಟ್ಟಿಹಾಕಿ ಚಿಪ್ಪುಗಳಿಗೆ ಒದಗಿಸುತ್ತದೆ. ರೆಗ್ಯುಲೇಟರ್ ತನ್ನ ಕೆಲಸ ಮಾಡಬೇಕಾದರೆ ಅದರ ಬಾಗಿಲಿಗೆ ೯ಕ್ಕಿಂತ ಸುಮಾರು ೨ ವೋಲ್ಟ್ ಹೆಚ್ಚಾಗಿಯೇ ಬರುತ್ತಿರಬೇಕು.

ಮಲ್ಟಿಮೀಟರ್ ಹಿಡಿದು 'ಆ' ಘಟ್ಟವನ್ನು ಮುಟ್ಟಿದೆ. ೯.೦ ಇರಬೇಕಾದಲ್ಲಿ ೭.೪ ಇತ್ತು. "ಸಿಕ್ಕಿತು ಕಳ್ಳ" ಎಂದುಕೊಂಡೆ. ೯ ಕೊಡಬೇಕಾದ ರೆಗ್ಯುಲೇಟರ್ ೭.೪ ಕೊಟ್ಟರೆ ಕೆಟ್ಟಿರುವುದು ರೆಗ್ಯುಲೇಟರ್ ಅಲ್ಲದೆ ಇನ್ನೇನು? ಡಬ್ಬಿಯಲ್ಲಿ ಹೊಸ ೭೮೦೯ ಇತ್ತು. ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಕಿಟಕಿ ತುಸು ತೆರೆದು, ಬೆಸುಗೆ ಕೆಲಸಕ್ಕೆ ಕುಳಿತೆ. ಹಳೆಯ ಬೆಸುಗೆ ತವರ ಮತ್ತು ಸೀಸದ್ದು; ೧೮೩ ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗತೊಡಗುತ್ತದೆ. ಸೀಸ ಹೊಟ್ಟೆಗೆ ಹೋಗಬಾರದಾದ್ದರಿಂದ ಆ ಕೆಲಸ ಊಟದ ಮೇಜಿನ ಮೇಲಲ್ಲ. ಮುಗಿದ ಮೇಲೆ ಕೈ ತೊಳೆಯಲೇಬೇಕು. ಮೊದಲ ಕಾಲು ಬೆಸೆಯುವಾಗ ಬೆಸುಗೆ ಮಂಕಾಗಿ ಗಂಟುಕಟ್ಟಿತು. ಕಾಲನ್ನೂ ಹಲಗೆಯ ತಾಮ್ರವನ್ನೂ ಒಟ್ಟಿಗೆ ಕಾಯಿಸಿ ಆಮೇಲೆ ಬೆಸುಗೆಯ ತಂತಿ ಮುಟ್ಟಿಸಿದರೆ ಅದು ತಾನಾಗಿ ಹರಡಿ ಹೊಳೆಯುತ್ತದೆಂದು ಮೂರನೆಯ ಕಾಲಿನ ಹೊತ್ತಿಗೆ ಕಲಿತೆ. ಒಗ್ಗರಣೆಗೆ ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಬಾರದೆಂಬುದು ಗೊತ್ತಿದ್ದವಳಿಗೆ ಇದು ತಿಳಿಯಲು ಮೂರು ಕಾಲು ಬೇಕಾಯಿತಲ್ಲ ಎಂದು ನಗು ಬಂತು.

ಮತ್ತೆ ವಿದ್ಯುತ್ತು ಕೊಟ್ಟೆ. ಅದೇ ಗುಂಯ್. ಅದೇ ೭.೪.

ಪೆಟ್ಟಿಗೆ, ಮೀಟರು, ಟಿಪ್ಪಣಿ ಪುಸ್ತಕ ಎಲ್ಲವನ್ನೂ ಹೊತ್ತು ಮೇಲೆ ಬಂದು, ನಮ್ಮವರು ಕುಳಿತಿದ್ದ ಕೋಣೆಯಲ್ಲೇ ಒಂದು ಹಳೆಯ ಮಣೆ ಹಾಕಿಕೊಂಡು ಕುಳಿತೆ. ಕೇಳಲಿಲ್ಲ, ಸುಮ್ಮನೆ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ ಪತ್ರಿಕೆಯ ಹಿಂದಿನಿಂದ ದನಿ ಬಂತು.

"ಏನು ಬದಲಾಯಿಸಿದೆ?"

"ರೆಗ್ಯುಲೇಟರ್."

"ಯಾಕೆ?"

"'ಆ'ದಲ್ಲಿ ೭.೪ ಇತ್ತು."

"'ಅ'ದಲ್ಲಿ ಎಷ್ಟಿತ್ತು?"

ನಾನು ಉತ್ತರಿಸಲಿಲ್ಲ. ಇಪ್ಪತ್ತು ವರ್ಷಗಳಿಂದ ಈ ಊರಿನ ಮಕ್ಕಳಿಗೆ ಅಕ್ಷರಮಾಲೆ ಕಲಿಸುವವಳು 'ಅ' ಬಿಟ್ಟು 'ಆ'ದಿಂದ ಆರಂಭಿಸಿದ್ದೆ. ಸದ್ದಿಲ್ಲದೆ 'ಅ' ಅಳೆದೆ. ೧೫.೨ ಇರಬೇಕಾದಲ್ಲಿ ೧೧. ಅವರು ಪತ್ರಿಕೆ ಮಡಚಿದರು.

"ಮೀಟರನ್ನ ಏ.ಸಿ.ಗೆ ತಿರುಗಿಸಿ ಅಲ್ಲೇ ಇನ್ನೊಮ್ಮೆ ನೋಡು."

ನೋಡಿದೆ. ೪ ವೋಲ್ಟಿಗಿಂತ ಹೆಚ್ಚು. "ಅಲ್ಲಿ ಅರ್ಧ ವೋಲ್ಟೂ ಇರಬಾರದು ಕಣೇ" ಎಂದರು. ಆ ೧೧ ಎಂಬುದು ಬರಿಯ ಸರಾಸರಿಯಾಗಿತ್ತು. ತೊಟ್ಟಿ ಒಡೆದು, ನೀರು ನಲ್ಲಿಯಲ್ಲಿ ಬಂದಂತೆಯೇ ಒಮ್ಮೆ ಮೇಲೆದ್ದು ಒಮ್ಮೆ ತಳಕ್ಕೆ ಬೀಳುತ್ತಿತ್ತು. ಸೆಕೆಂಡಿಗೆ ೧೨೦ ಸಲ ರೆಗ್ಯುಲೇಟರಿನ ಬಾಗಿಲಿಗೆ ಬೇಕಾದಷ್ಟು ಬಾರದೆ ಹೋದಾಗ ಅದು ತಾನೇ ಏನು ಮಾಡೀತು? ನಿರಪರಾಧಿಯನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಇನ್ನೊಬ್ಬ ನಿರಪರಾಧಿಯನ್ನು ನಿಲ್ಲಿಸಿದ್ದೆ. ಮಕ್ಕಳನ್ನು ಗದರಿದ ಮೇಲೂ ನನಗೆ ಬುದ್ಧಿ ಬಂದಿರಲಿಲ್ಲ.

ಆಗ ನಾವಿಬ್ಬರೂ ಸೇರಿ ಲೆಕ್ಕ ಹಾಕಿದೆವು. ಐದು ಮನೆ ಶ್ರುತಿಯಲ್ಲಿ ಷಡ್ಜಕ್ಕೆ ಸೆಕೆಂಡಿಗೆ ೧೯೬ ಕಂಪನ. ಷಡ್ಜ ನಾಲ್ಕು ಪಾಲಾದರೆ ಅಂತರ ಗಾಂಧಾರ ಐದು ಪಾಲು, ಅಂದರೆ ೨೪೫. ಪೆಟ್ಟಿಗೆಯ ಗುಂಯ್ ೧೨೦. ಅದರ ಜೊತೆಗೇ ಹುಟ್ಟುವ ದುಪ್ಪಟ್ಟು ನಾದ ೨೪೦. ಮಕ್ಕಳ ಗಾಂಧಾರ ಇಳಿದದ್ದು ಆ ಐದು ಕಂಪನಗಳ ಕಡೆಗೆ. "ಊರಲ್ಲಾಗಿದ್ರೆ ವಿದ್ಯುತ್ತು ೫೦, ಗುಂಯ್ ೧೦೦. ಗಾಂಧಾರದ ಹತ್ತಿರಕ್ಕೂ ಬರ್ತಿರಲಿಲ್ಲ. ನಿನ್ನ ಮಕ್ಕಳು ಅಮೆರಿಕದ ಗೋಡೆಗೆ ಶ್ರುತಿ ಸೇರಿಸಿದಾರೆ" ಎಂದು ಅವರು ನಕ್ಕರು. ಆ ನಗು ಕೇಳಿ ಬಹಳ ದಿನಗಳಾಗಿದ್ದವು.

ದೀಪ ಹತ್ತಿರ ತಂದು ಕೆಪಾಸಿಟರನ್ನು ನೋಡಿದೆವು. ಅದರ ತಲೆ ಹಪ್ಪಳದ ಗುಳ್ಳೆಯಂತೆ ತುಸು ಉಬ್ಬಿತ್ತು. ಒಂದು ಪಕ್ಕದ ಹೊದಿಕೆ ಕಂದಿ ಕಂದುಬಣ್ಣಕ್ಕೆ ತಿರುಗಿತ್ತು. ಆ ಪಕ್ಕದಲ್ಲಿದ್ದುದು ರೆಗ್ಯುಲೇಟರಿನ ಬಿಸಿಯನ್ನು ಹೊರಹಾಕುವ ಅಲ್ಯೂಮಿನಿಯಂ ತಗಡು. ಎರಡರ ನಡುವೆ ಒಂದು ಅಕ್ಕಿಕಾಳಿನಷ್ಟೂ ಅಂತರವಿರಲಿಲ್ಲ. ಈ ಬಗೆಯ ಕೆಪಾಸಿಟರಿನ ಒಳಗೆ ಒಂದು ದ್ರವವಿರುತ್ತದೆ. ಬಿಸಿ ತಗುಲಿದಷ್ಟೂ ಅದು ಬೇಗ ಆರುತ್ತದೆ. ಒಲೆಯ ಮಗ್ಗುಲಲ್ಲಿ ಉಪ್ಪಿನಕಾಯಿಯ ಭರಣಿ ಇಟ್ಟಂತೆ ಮೂವತ್ತು ವರ್ಷ ಅದನ್ನು ಅಲ್ಲಿಟ್ಟಿದ್ದರು.

ಇಟ್ಟವರು ನನ್ನ ಎದುರಿಗೇ ಕುಳಿತಿದ್ದರು. ಹೇಳುವುದೋ ಬಿಡುವುದೋ ಎಂದು ಒಂದು ಕ್ಷಣ ತೂಗಿದೆ. ಕೈ ಸೋತ ಮನುಷ್ಯನಿಗೆ, ಕೈ ಚೆನ್ನಾಗಿದ್ದಾಗ ಮಾಡಿದ ತಪ್ಪನ್ನು ತೋರಿಸುವುದೇ? ಆದರೆ ಮೂರು ವರ್ಷಗಳಿಂದ ಮನೆಗೆ ಬಂದವರೆಲ್ಲ ಅವರೊಡನೆ ಮೆತ್ತಗೆ, ಎಚ್ಚರದಿಂದ ಮಾತನಾಡುವುದನ್ನು ನಾನು ನೋಡುತ್ತಿದ್ದೆ. ಆ ಸಾಲಿಗೆ ನಾನೂ ಸೇರಿದರೆ ಅವರೊಡನೆ ನೇರವಾಗಿ ಮಾತನಾಡುವವರೇ ಉಳಿಯುವುದಿಲ್ಲ.

"ರೀ, ಇದನ್ನ ಬಿಸಿಯ ಪಕ್ಕದಲ್ಲೇ ಇಟ್ಟಿದ್ದೀರಿ" ಎಂದೆ.

ಅವರು ಬಹಳ ಹೊತ್ತು ಹಲಗೆಯನ್ನೇ ನೋಡಿದರು. ಆಮೇಲೆ ಪೆನ್ನು ಕೇಳಿ, ಟಿಪ್ಪಣಿ ಪುಸ್ತಕದ ಅದೇ ಪುಟದ ಅಂಚಿನಲ್ಲಿ ಬರೆಯತೊಡಗಿದರು. ೧೯೯೪ರ ದುಂಡಗಿನ ಅಕ್ಷರಗಳ ಪಕ್ಕದಲ್ಲಿ ಇಂದಿನ ಅಕ್ಷರ ಇರುವೆಯ ಸಾಲಿನಂತೆ ಕಿರಿದಾಗುತ್ತಾ ಹೋಯಿತು. ಕನ್ನಡಕ ಹಾಕಿಕೊಂಡು ಓದಿದೆ. ೮೫ ಡಿಗ್ರಿ ಬಿಸಿಯಲ್ಲಿ ೨೦೦೦ ಗಂಟೆ ಬಾಳಬಲ್ಲ ಕೆಪಾಸಿಟರ್, ಬಿಸಿ ಹತ್ತು ಡಿಗ್ರಿ ಇಳಿದಂತೆಲ್ಲ ಎರಡರಷ್ಟು ಬಾಳುತ್ತದೆ. ತಗಡಿನ ಪಕ್ಕ ೬೦ ಡಿಗ್ರಿ ಎಂದುಕೊಂಡರೆ ಸುಮಾರು ೧೧,೦೦೦ ಗಂಟೆ. ದಿನಕ್ಕೊಂದು ಗಂಟೆಯಂತೆ ಮೂವತ್ತು ವರ್ಷಕ್ಕೂ ಸುಮಾರು ೧೧,೦೦೦ ಗಂಟೆ.

"ಲೆಕ್ಕ ಸರಿಯಾಗಿಯೇ ಇದೆ. ಅದರ ಆಯಸ್ಸು ಅದು ಬಾಳಿದೆ" ಎಂದರು. ತುಸು ತಡೆದು, "ದೂರ ಇಟ್ಟಿದ್ರೆ ಇನ್ನೂ ಬಾಳ್ತಿತ್ತು. ನನ್ನದೇ ತಪ್ಪು" ಎಂದರು. ಆ ಮಾತಿನಲ್ಲಿ ಬೇಸರವಿರಲಿಲ್ಲ. ತಪ್ಪು ಎಲ್ಲಿದೆಯೆಂದು ಕಂಡುಹಿಡಿದ ಎಂಜಿನಿಯರನ ನೆಮ್ಮದಿಯಿತ್ತು.

ಹೊಸ ಕೆಪಾಸಿಟರ್ ಒಂದು ಡಾಲರಿಗೂ ಕಡಿಮೆ. ೧೦೫ ಡಿಗ್ರಿ ತಾಳುವಂಥದ್ದನ್ನೇ ತರಿಸಿದೆ. ರೇಡಿಯೋ ಷಾಕ್ ಕಂಪನಿ ೨೦೧೫ರಲ್ಲಿ ದಿವಾಳಿ ಅರ್ಜಿ ಹಾಕಿದ ಮೇಲೆ ಅದರ ಅಂಗಡಿಗಳಲ್ಲಿ ಹೆಚ್ಚಿನವು ಮುಚ್ಚಿದ್ದರಿಂದ ಅಂಚೆಯಲ್ಲಿ ಬರುವವರೆಗೆ ಕಾಯಬೇಕಾಯಿತು. ಹಲಗೆಯ ಇನ್ನೊಂದು ಮೂಲೆಯಲ್ಲಿ ಜಾಗ ಹುಡುಕಿ, ಎರಡು ತುಂಡು ತಂತಿಯಿಂದ ಹಳೆಯ ಜಾಗಕ್ಕೆ ಜೋಡಿಸಬೇಕೆಂದು ತೀರ್ಮಾನಿಸಿದೆವು. ನಾನು ಕಾಲುಗಳನ್ನು ತೂರಿಸಿ ಐರನ್ ಎತ್ತುವಷ್ಟರಲ್ಲಿ ಅವರ ಬಲಗೈ ಮುಂದೆ ಬಂತು. ನಡುಗುವ ಬೆರಳು ಕೆಪಾಸಿಟರಿನ ಮೈಮೇಲಿನ ಬಿಳಿ ಪಟ್ಟೆಯ ಸುತ್ತ ತೂಗಾಡಿ, ಕೊನೆಗೆ ಅದರ ಮೇಲೆ ನಿಂತಿತು. ಪಟ್ಟೆಯಿರುವುದು ಋಣದ ಕಡೆ. ನಾನು ತಿರುವುಮುರುವಾಗಿ ಇಟ್ಟಿದ್ದೆ. ಹಾಗೆಯೇ ವಿದ್ಯುತ್ತು ಕೊಟ್ಟಿದ್ದರೆ ಅದು ಬಿಸಿಯೇರಿ ಸಿಡಿಯುವ ಸಂಭವವಿತ್ತು. ತಿರುಗಿಸಿ ಇಟ್ಟು ಬೆಸೆದೆ. ಬೆಸುಗೆ ಹೊಳೆಯಿತು.

'ಅ' ೧೫.೧. 'ಆ' ೯.೦. ಪೆಟ್ಟಿಗೆಯಲ್ಲಿ ಷಡ್ಜ ಪಂಚಮಗಳಲ್ಲದೆ ಇನ್ನಾರೂ ಇರಲಿಲ್ಲ.

ಪುರಂದರದಾಸರ ಆರಾಧನೆಯ ದಿನ ಮಕ್ಕಳು ಅದೇ ಪೆಟ್ಟಿಗೆಯ ಮುಂದೆ ಕುಳಿತು ಹಾಡಿದರು. ಅದಕ್ಕೆ ಮೊದಲು ಅವರೆಲ್ಲರ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಮೊದಲು ಆ ಸದ್ದನ್ನು ಕೇಳಿಸಿಕೊಂಡ ಹುಡುಗಿಗೆ ಉಬ್ಬಿದ ತಲೆಯ ಹಳೆಯ ಕೆಪಾಸಿಟರನ್ನು ಬಹುಮಾನವಾಗಿ ಕೊಟ್ಟೆ. ಅದನ್ನು ಅವಳು ಶಾಲೆಗೂ ಒಯ್ದು ತೋರಿಸಿದಳಂತೆ. ನಮ್ಮವರು ಈಗ ವಾರಕ್ಕೆರಡು ದಿನ ಮೆಟ್ಟಿಲ ಕಂಬಿ ಹಿಡಿದು ನೆಲಮಾಳಿಗೆಗೆ ಇಳಿಯುತ್ತಾರೆ. ಅವರು ಹೇಳುತ್ತಾರೆ, ನಾನು ಬೆಸೆಯುತ್ತೇನೆ. ಕೂಟದ ಹಿರಿಯರೊಬ್ಬರ ರೇಡಿಯೋ ಸದ್ಯ ಮೇಜಿನ ಮೇಲಿದೆ. ಅದರಲ್ಲಿ ನಾವಿನ್ನೂ 'ಅ'ದಲ್ಲೇ ಇದ್ದೇವೆ.

ಈ ಸಮ್ಮೇಳನದ ಮಕ್ಕಳ ಕಾರ್ಯಕ್ರಮದಲ್ಲಿ ವೇದಿಕೆಯ ಎಡಬದಿಗೆ ತೇಗದ ಬಣ್ಣದ ಹಳೆಯ ಪೆಟ್ಟಿಗೆಯೊಂದು ಕಂಡರೆ ಅದು ನಮ್ಮದೇ. ದಯವಿಟ್ಟು ಬಂದು ಕೇಳಿ. ಗಾಂಧಾರ ಇಳಿದರೆ ಮಕ್ಕಳನ್ನು ಏನೂ ಅನ್ನಬೇಡಿ; ನನಗೆ ತಿಳಿಸಿ, ಮೀಟರು ಕೈಚೀಲದಲ್ಲಿರುತ್ತದೆ.